ಸಾಕ್ಷಿ ಹೇಳು ಅಂತಾರ, ನನಗ ಹೇಳಾಕ ಬರಂಗಿಲ್ಲ. ಸಭೆ ಬಿಡದಂಗ ಹೆಂಗ ನಿಲ್ಲಲಿ?

ಸಿಂಧನೂರು ಕಡೆಯಾಕಿ (ಪ್ರಶ್ನೆ)

ಕರ್ತನ ನಾಮದಾಗ ಎಲ್ಲರಿಗೂ ವಂದನೆ. ನಾನು ಸಿಂಧನೂರು ತಾಲೂಕಿನ ಒಂದು ಕ್ಯಾಂಪಿನಾಕಿ (ಕಾಲುವೆ ನೀರಾವರಿಗೆ ಬಂದು ನೆಲೆಸಿದೋರ ಊರು), ಆಶಾ ಕಾರ್ಯಕರ್ತೆ. ಯಾರ ಗುರುತೂ ಸಿಗಬಾರದು ಅಂತ ಒಂದಿಷ್ಟು ವಿವರ ಬದಲಿಸೀನಿ, ವಿಷಯ ಬದಲಿಸಿಲ್ಲ.

ನಮ್ಮದು ಸ್ವತಂತ್ರ ಸಭೆ, ಅಂದ್ರ ಯಾವ ದೊಡ್ಡ ಚರ್ಚಿಗೂ ಸೇರದ್ದು. ಕಾಲುವೆ ದಂಡಿಗೆ ತಗಡಿನ ಶೆಡ್ಡು, ಒಂದು ಕೀಬೋರ್ಡು, ಅರ್ಧ ತೆಲುಗು ಹಾಡು, ಅರ್ಧ ಕನ್ನಡ ಹಾಡು. ಬರೋರೆಲ್ಲ ನಾಟಿ ಹಚ್ಚಾಕ, ಕಳೆ ಕೀಳಾಕ ಹೋಗೋ ಮಂದಿ. ಸಂಡೇ ಸ್ಕೂಲು, ಶುಕ್ರವಾರದ ಹೆಣ್ಮಕ್ಕಳ ಉಪವಾಸ ಪ್ರಾರ್ಥನೆ, ಎರಡೂ ನಾನೇ ನಡಸ್ತಿದ್ದೆ. "ನಡಸ್ತಿದ್ದೆ" ಅಂತ ಯಾಕ ಬರದೆ ಅನ್ನೋದು ಮುಂದ ಹೇಳ್ತೀನಿ.

ಸಭೆದಾಗ ಒಬ್ಬಾಕಿ ತಂಗಿಗೆ ಟಿಬಿ ಬಂತು. ಮಾತ್ರೆ ನುಂಗಿಸೋ ಜವಾಬ್ದಾರಿ ನನ್ನದು. ಗೊತ್ತಿಲ್ಲದೋರಿಗೆ ಹೇಳ್ತೀನಿ: ಮೊದಲ 2 ತಿಂಗಳು ನಾಲ್ಕು ಔಷಧಿ ಕೂಡಿದ ಮಾತ್ರೆ, ಮುಂದಿನ 4 ತಿಂಗಳು ಮೂರು ಔಷಧಿ ಕೂಡಿದ್ದು, ತೂಕ ನೋಡಿ ದಿನಾ ನುಂಗಬೇಕು. ಮೂತ್ರ ಕೆಂಪಗ ಬರ್ತದ. ಅಕಿ ಗಂಡ ಅದನ್ನ ನೋಡಿ ರಕ್ತ ಅಂತ ಅಂಜಿದ. ಅದು ಔಷಧಿ ಬಣ್ಣ ಅಂತ ನಾನು ಎಷ್ಟು ಹೇಳಿದ್ರೂ ಅವಗ ನಂಬಿಕೆ ಬರಲಿಲ್ಲ, ಪಾಸ್ಟರ್ ಹತ್ರ ಕರ್ಕೊಂಡು ಹೋದ. ಪಾಸ್ಟರ್ ತಲಿ ಮ್ಯಾಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, "ಇವತ್ತಿನಿಂದ ನಿನಗ ಮಾತ್ರೆ ಬ್ಯಾಡಮ್ಮಾ, ವಿಶ್ವಾಸ ಸಾಕು" ಅಂದ್ರು.

ಮನ್ಯಾಗ ಮಾತ್ರೆ ಬಂದ್ ಆತು. ಮರುದಿನ ನಸುಕಿನ್ಯಾಗ ಆ ತಂಗಿ ನಮ್ಮ ಮನಿ ಹಿಂದಿನ ಬಾಗಿಲಿಗೆ ಬಂದು ನಿಂತಿದ್ಲು. "ಅಕ್ಕಾ, ನಂಗ ಎರಡು ಸಣ್ಣ ಕೂಸು ಅದಾವ, ಇಲ್ಲೇ ನುಂಗಿ ಹೋಗ್ತೀನಿ, ಯಾರಿಗೂ ಹೇಳಬ್ಯಾಡ" ಅಂದ್ಲು. ಅವತ್ತಿಂದ ಹಂಗೇ ನಡದದ. ನಾಟಿಗೆ ಹೋಗೋ ಟ್ರ್ಯಾಕ್ಟರ್ ಹತ್ತೋಕಿಂತ ಮೊದಲ ಬಂದು ನುಂಗ್ತಾಳ.

ಈ ರೋಗದ ಗುಣ ಏನಂದ್ರ, ಮಾತ್ರೆ ಚಾಲೂ ಆಗಿ ಒಂದೆರಡು ತಿಂಗಳಿಗೆ ಜ್ವರ ಬಿಡ್ತದ, ಕೆಮ್ಮು ಕಡಿಮಿ ಆಗ್ತದ, ಊಟ ಸೇರ್ತದ. ಆದ್ರ ರೋಗಾಣು ಇನ್ನೂ ಒಳಗ ಇರ್ತಾವ. ನಡುವ ಬಿಟ್ರ ಆ ಔಷಧಿಗೆ ಜಗ್ಗದ ಟಿಬಿ ಎದ್ದು ನಿಲ್ತದ. ಈ ತಂಗಿಗೂ ಸುಧಾರಿಸ್ತು. ಒಂದು ಭಾನುವಾರ ಗಂಡ ಅಕಿನ್ನ ಮುಂದ ನಿಲ್ಲಿಸಿ ಸಾಕ್ಷಿ ಹೇಳಿಸಿದ: ಒಂದು ಮಾತ್ರೆ ಇಲ್ಲದ ಸ್ವಸ್ಥ ಆಗ್ಯಾಳ ಅಂತ. ಅಕಿ ತಲಿ ಬಗ್ಗಿಸಿ "ಹೌದು" ಅಂದ್ಲು. ಜನ ಎಲ್ಲ ಹಲ್ಲೆಲೂಯಾ ಅಂದ್ರು. ಅಷ್ಟಕ್ಕ ಮುಗಿದಿದ್ರ ನಾನು ಸುಮ್ಮನ ಇರ್ತಿದ್ದೆ. ಪಾಸ್ಟರ್ ನನ್ನ ಕಡೆ ನೋಡಿ, "ನಮ್ಮ ಆಶಾ ಸಹೋದರಿನೂ ಇಲ್ಲೇ ಅದಾರ. ಅವರಿಗೆ ಎಲ್ಲ ಗೊತ್ತು. ಬಂದು ಎರಡು ಮಾತು ಹೇಳ್ತಾರ" ಅಂತ ಮೈಕ್ ಚಾಚಿದ್ರು.

ನಾನು ಎದ್ದು ನಿಂತೆ. "ಯಾರ ಆರೋಗ್ಯದ ಮಾತನ್ನೂ ನಾನು ಹೊರಗ ಹೇಳಂಗಿಲ್ಲ ಪಾಸ್ಟರ್, ದೇವರಿಗೆ ಸ್ತೋತ್ರ" ಅಂತಂದು ಕುಂತೆ. ಆ ತಂಗಿ ನನ್ನ ಮುಖ ನೋಡಿದ್ದು ನನಗೇ ಗೊತ್ತು.

ಅವತ್ತಿಂದ ಚಾಲೂ ಆತು. ಪವಿತ್ರಾತ್ಮನನ್ನ ನಂದಿಸ್ತಾಳ ಅಂದ್ರು. "ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ" ಅಂದ್ರ ದೇವರು ಆರಿಸಿದೋರನ್ನ ಮುಟ್ಟಬ್ಯಾಡ್ರಿ ಅನ್ನೋ ಕೀರ್ತನೆ 105ರ ವಚನ ಹಿಡಿದು ಪ್ರಸಂಗನೇ ಮಾಡಿದ್ರು, ಹೆಸರೊಂದು ಹೇಳಲಿಲ್ಲ. ಒಬ್ಬ ಹಿರಿಯರು, "ಅಕಿಗೆ ಪೇಷೆಂಟ್ ಲೆಕ್ಕದ ಮ್ಯಾಲೆ ರೊಕ್ಕ ಬರ್ತದ, ಅದಕ್ಕ ಮಾತ್ರೆ ಮಾತ್ರೆ ಅಂತಾಳ" ಅಂದ್ರಂತ. ಬರ್ತದ್ರಿ. ಒಬ್ಬರು ಪೂರ್ತಿ ಕೋರ್ಸ್ ಮುಗಿಸಿದ್ರ 1000 ರೂಪಾಯಿ. ಆರು ತಿಂಗಳಿಗೆ! ಸಂಡೇ ಸ್ಕೂಲ್ ತಗದ್ರು, ಶುಕ್ರವಾರದ್ದೂ ತಗದ್ರು. ನಮ್ಮತ್ತಿ ನನ್ನ ಜೊತಿ ಮಾತು ಬಿಟ್ಟಾರ. ನಮ್ಮನಿಯವರು ಮಾತ್ರ "ನಿನಗ ಸರಿ ಅನ್ನಿಸಿದ್ದು ಮಾಡು, ಆದ್ರ ನನ್ನ ನಡುವ ತರಬ್ಯಾಡ" ಅಂತಾರ. ಅವರ ಸ್ವಭಾವನೇ ಅದು.

ಈಗ ಕನ್ವೆನ್ಷನ್ (ಸಭೆಯ ದೊಡ್ಡ ಕೂಟ) ಬರ್ತದ. ಆ ತಂಗಿ ಸಾಕ್ಷಿ ವಿಡಿಯೋ ಮಾಡ್ತಾರಂತ, ಪಕ್ಕಕ್ಕ ನಾನು ಆಶಾ ಸೀರಿ ಉಟ್ಕೊಂಡು ನಿಂತು "ಹೌದು, ಔಷಧಿ ಇಲ್ಲದ ಸ್ವಸ್ಥ ಆತು" ಅನ್ನಬೇಕಂತ. ಇಲ್ಲಾಂದ್ರ ಹಿರಿಯರ ಮುಂದ ಬಂದು ಕಾರಣ ಹೇಳಬೇಕು. ಕಾರಣ ಏನು ಹೇಳಲಿ? ಬಾಯಿ ಬಿಟ್ರ ಆ ತಂಗಿ ಬೀದಿಗೆ ಬರ್ತಾಳ, ಗಂಡ ಹೊಡಿತಾನ, ಮಾತ್ರೆ ನಿಲ್ತದ. ಬಾಯಿ ಬಿಡದಿದ್ರ ನಾನು ಅವಿಶ್ವಾಸಿ.

ಇನ್ನೊಂದು ಮಾತು. ನಮ್ಮ ಪಾಸ್ಟರ್ ಕಳ್ಳರಲ್ಲ. 2021ರ ಕೊರೊನಾದಾಗ ಸತ್ತೋರ ಹೆಣ ಮುಟ್ಟಾಕ ಮನಿ ಮಂದಿನೇ ಅಂಜಿದ್ರು. ಆಗ ಗುಂಡಿ ತೋಡಿ ಮಣ್ಣು ಮಾಡಿದ್ದು ಇದೇ ಪಾಸ್ಟರ್. ಅವರು ನಿಜವಾಗ್ಲೂ ನಂಬ್ಯಾರ. ಅದಕ್ಕ ಸಭೆ ಬಿಡಾಕ ಮನಸಿಲ್ಲ. ಪ್ರಾರ್ಥನೆ ಮ್ಯಾಲಿನ ನಂಬಿಕಿನೂ ನಾನು ಬಿಟ್ಟಿಲ್ಲ. ಆದ್ರ ಆ ಮಾತು ನನ್ನ ಬಾಯಾಗ ಬರಂಗಿಲ್ಲ. ಹಿರಿಯರ ಮುಂದ ಹೆಂಗ ನಿಲ್ಲಬೇಕು, ತಿಳಿದೋರು ಹೇಳ್ರಿ.

ಗಂಗಾವತಿ ಸಿಸ್ಟರ್

ಅಕ್ಕಾ, ನಾನು ಆಸ್ಪತ್ರೆ ಸಿಸ್ಟರ್ರು, ಸಭೆ ಸಿಸ್ಟರ್ ಅಲ್ಲ. ನೇರ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಸಭೆ ಬಿಡ್ರಿ. ಟಿಎಚ್ಓಗೆ (ತಾಲೂಕು ಆರೋಗ್ಯಾಧಿಕಾರಿಗೆ) ಒಂದು ಅರ್ಜಿ ಬರೀರಿ. ಇಂಥ ರೋಗ ಮಂತ್ರ, ತಾಯತದಿಂದ ವಾಸಿ ಅಂತ ಜಾಹೀರಾತು ಹಾಕೋದು ತಪ್ಪು ಅಂತ 1954ರಿಂದ ಕಾಯ್ದೆನೇ ಐತಿ, ಅದರ ರೋಗದ ಪಟ್ಟಿಯಾಗ ಕ್ಷಯನೂ ಐತಿ. ಕನ್ವೆನ್ಷನ್ ಬ್ಯಾನರಿನ್ಯಾಗ ಹಂಗ ಹಾಕಿದ್ರ ಫೋಟೋ ತಗದು ಇಟ್ಕೊಳ್ರಿ.

ನೀವು "ಒಬ್ಬಾಕಿ ತಂಗಿ" ಬಗ್ಗೆ ಚಿಂತಿ ಮಾಡಾಕ ಹತ್ತೀರಿ. ನಾನು ಆ ವಿಡಿಯೋ ನೋಡೋರ ಬಗ್ಗೆ ಚಿಂತಿ ಮಾಡ್ತೀನಿ. ಮಾನ್ವಿಯಾಗ, ಕಾರಟಗಿಯಾಗ ಯಾರೋ ಒಬ್ಬ ಅದನ್ನ ಫೋನ್‌ನ್ಯಾಗ ನೋಡಿ ಮೂರನೇ ತಿಂಗಳಿಗೆ ಮಾತ್ರೆ ಚೆಲ್ಲಿದ್ರ ಅದಕ್ಕ ಯಾರು ಹೊಣೆ?

ಕೃಪೆಯ ಪಾತ್ರೆ

ಸಹೋದರಿಯವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಮಾರ್ಕ 6ನೇ ಅಧ್ಯಾಯ ಓದಿ. ನಜರೇತಿನವರ ಅವಿಶ್ವಾಸದ ಕಾರಣ ಕರ್ತನು ಅಲ್ಲಿ ಹೆಚ್ಚು ಮಹತ್ಕಾರ್ಯ ಮಾಡಲಾಗಲಿಲ್ಲ. ಯೋಹಾನ 9ರಲ್ಲಿ ಕುರುಡನು ಎಲ್ಲರ ಮುಂದೆ ಸಾಕ್ಷಿ ಹೇಳಿದನು, ಅವನ ತಂದೆತಾಯಿಗಳು ಸಭಾಮಂದಿರದವರಿಗೆ ಹೆದರಿ ಜಾರಿಕೊಂಡರು. ನೀವು ಯಾರ ಹಾಗಿದ್ದೀರಿ ಯೋಚಿಸಿ. 2022ರಲ್ಲಿ ಮತಾಂತರ ಕಾಯ್ದೆ ಬಂದಾಗಿನಿಂದ ನಮ್ಮ ಸಣ್ಣ ಸಭೆಗಳ ಮೇಲೆ ಹೊರಗಿನವರ ಕಣ್ಣಿದೆ. ಇಂಥ ಹೊತ್ತಿನಲ್ಲಿ ಒಳಗಿನವರೇ ದೂರು, ಅರ್ಜಿ ಎಂದು ಹೋದರೆ ಯಾರಿಗೆ ಲಾಭ? ದೇವಸೇವಕರನ್ನು ದೇವರೇ ನೋಡಿಕೊಳ್ಳುತ್ತಾನೆ. ನೀವು ಸುಮ್ಮನೆ ವಿಧೇಯರಾಗಿರಿ.

ಸಿಂಧನೂರು ಕಡೆಯಾಕಿ

ಗಂಗಾವತಿ ಅಕ್ಕಾರ, ನೀವು ಹೇಳಿದ ವಿಡಿಯೋ ವಿಚಾರ ನನಗ ರಾತ್ರಿ ನಿದ್ದಿ ಕೊಡಲಿಲ್ಲ. ಅದು ಖರೇ.

ಅಣ್ಣಾರ, ಯೋಹಾನ 9 ನಾನೂ ಓದೀನಿ. ಆ ಕುರುಡ "ಕುರುಡನಾಗಿದ್ದೆ, ಈಗ ಕಣ್ಣು ಕಾಣಸ್ತಾವ, ಇದೊಂದು ಗೊತ್ತು" ಅಂದ, ಉಳಿದದ್ದು ಗೊತ್ತಿಲ್ಲ ಅಂದ. ಗೊತ್ತಿದ್ದಷ್ಟೇ ಹೇಳಿದ. ನನಗ ಗೊತ್ತಿದ್ದದ್ದು ಬ್ಯಾರೆ ಐತಿ, ಹೇಳ್ರಿ ಅಂತಾರ ಬ್ಯಾರೆ. ಹೊರಗಿನವರ ಅಂಜಿಕಿ ನನಗೂ ಐತಿ, ನಮ್ಮ ಶೆಡ್ಡಿನ ಮುಂದ ಬಂದು ವಿಡಿಯೋ ಮಾಡ್ಕೊಂಡು ಹೋದೋರನ್ನ ನಾನೂ ನೋಡೀನಿ. ಅದಕ್ಕೇ ಹೇಳ್ತೀನಿ, ಸುಳ್ಳು ಸಾಕ್ಷಿ ಯೂಟ್ಯೂಬಿಗೆ ಹಾಕಿದ್ರ ಅವರ ಕೈಗೆ ನಾವೇ ಕೊಟ್ಟಂಗ ಆಗಲ್ಲೇನ್ರಿ?

ಕೌಲ್‌ಬಜಾರ್ ಮೇಷ್ಟ್ರು

ತಂಗೀ, ನಾನು ಬಳ್ಳಾರಿಯವನು, ನಿವೃತ್ತ ಶಿಕ್ಷಕ, ಸಿಎಸ್ಐ (ದಕ್ಷಿಣ ಭಾರತ ಸಭೆ) ಚರ್ಚಿನವನು. ನಿಮ್ಮ ಪತ್ರವನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಅವಳು ಮೊದಲು ಕೇಳಿದ್ದು, "ಆ ಹುಡುಗಿ ಇವತ್ತೂ ಮಾತ್ರೆ ನುಂಗಿದಳೋ ಇಲ್ಲವೋ" ಎಂದು. ನನಗೂ ಅದೇ ಮೊದಲ ಪ್ರಶ್ನೆ. ಮಿಕ್ಕದ್ದೆಲ್ಲ ಅದರ ಹಿಂದೆ.

ನಿಮ್ಮ ಹಿರಿಯರು ಕೀರ್ತನೆ 105 ಹಿಡಿದಿದ್ದಾರೆ. ಅದರ ಹಿಂದುಮುಂದು ಓದಲಿ. ಅಲ್ಲಿ ದೇವರು ಎಚ್ಚರಿಸುವುದು ಅರಸರನ್ನು, ಕಾಪಾಡುವುದು ಸ್ವಂತ ನೆಲವಿಲ್ಲದೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರನ್ನು. ಮೈಕ್ ಕೈಯಲ್ಲಿದ್ದವನನ್ನು ಪ್ರಶ್ನೆ ಕೇಳಬಾರದು ಎಂಬ ಮಾತು ಅಲ್ಲಿಲ್ಲ. ದಾವೀದನು ಅಭಿಷಿಕ್ತ ಅರಸ ಸೌಲನ ಮೇಲೆ ಕೈಯೆತ್ತಲಿಲ್ಲ, ನಿಜ. ಆದರೆ ಗವಿಯಿಂದ ಹೊರಬಂದು, ಸೌಲನನ್ನು ಕೂಗಿ "ನೀನು ಯಾರನ್ನು ಬೆನ್ನಟ್ಟುತ್ತೀ" ಎಂದು ಕೇಳಿದ.

ನಿಮಗೆ ನಾನು ಕೊಡುವ ವಚನ ಯೋಬ 13:7. ಯೋಬನ ಗೆಳೆಯರು ದೇವರ ಪರವಾಗಿ ವಾದ ಮಾಡಲು ಹೋಗಿ ಇಲ್ಲದ್ದನ್ನು ಹೇಳುತ್ತಾರೆ. ದೇವರಿಗೋಸ್ಕರ ಸುಳ್ಳಾಡುತ್ತೀರಾ ಎಂದು ಯೋಬ ಅವರನ್ನೇ ಹಿಡಿದು ಕೇಳುತ್ತಾನೆ. ಕೊನೆಗೆ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ.

ಇನ್ನು ಮಾರ್ಕ 1ನೇ ಅಧ್ಯಾಯದ ಕೊನೆ. ಕರ್ತನು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದ ಮೇಲೆ ಅವನನ್ನು ವೇದಿಕೆಗೆ ಹತ್ತಿಸಲಿಲ್ಲ. ಯಾರಿಗೂ ಏನೂ ಹೇಳಬೇಡ, ಹೋಗಿ ಯಾಜಕನಿಗೆ ನಿನ್ನ ಮೈ ತೋರಿಸು ಎಂದ. ಯಾಜಕಕಾಂಡ 14ರಲ್ಲಿ ಆ ತಪಾಸಣೆಯ ಕ್ರಮವಿದೆ: ಯಾಜಕ ಪಾಳೆಯದ ಹೊರಗೆ ಹೋಗಿ ಪರೀಕ್ಷಿಸಬೇಕು, ಶುದ್ಧಿಯ ವಿಧಿಯಾದ ಮೇಲೂ ಅವನು ಏಳು ದಿನ ತನ್ನ ಡೇರೆಯ ಹೊರಗಿರಬೇಕು. ಗುಣಪಡಿಸಿದವನು ದೇವರ ಮಗ, ಆದರೂ ತಪಾಸಣೆ ತಪ್ಪಲಿಲ್ಲ. ನಿಮ್ಮ ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಕಫ ಪರೀಕ್ಷೆಗೆ ಹೆದರುವ ವಿಶ್ವಾಸ ಯಾವ ಬಗೆಯದು ಎಂದು ನನಗೆ ತಿಳಿಯದು.

ಮಾತ್ರೆ ಅವಿಶ್ವಾಸವೇ? ಕಾಯಿಲೆಬಿದ್ದ ಅರಸ ಹಿಜ್ಕೀಯನಿಗೆ ದೇವರು ಹದಿನೈದು ವರ್ಷ ಆಯುಸ್ಸು ಕೂಡಿಸಿಕೊಟ್ಟ, ಆ ಮಾತು ತಂದ ಪ್ರವಾದಿ ಯೆಶಾಯನೇ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ. ಪೌಲನು ತಿಮೊಥೆಗೆ ಹೊಟ್ಟೆಯ ಬೇನೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದ, ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದ, ಲೂಕನನ್ನು ಪ್ರಿಯ ವೈದ್ಯ ಎಂದು ಕರೆದ. ಇವರಲ್ಲಿ ಯಾರಿಗೆ ವಿಶ್ವಾಸ ಕಡಿಮೆ ಇತ್ತು?

ನಮ್ಮ ದೊಡ್ಡಪ್ಪನಿಗೆ ಇದೇ ರೋಗ ಬಂದಾಗ ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದನಪಲ್ಲಿ ಹತ್ತಿರದ ಆರೋಗ್ಯವರಂಗೆ ಕರೆದುಕೊಂಡು ಹೋದರಂತೆ. ಬೇರೆ ಬೇರೆ ಮಿಷನ್‌ಗಳು ಒಟ್ಟುಗೂಡಿ 1915ರಲ್ಲಿ ತೆರೆದ ಕ್ಷಯದ ಆಸ್ಪತ್ರೆ ಅದು. ಮೊದಲ ಮುಖ್ಯ ವೈದ್ಯರು ಡೆನ್ಮಾರ್ಕಿನ ಫ್ರಿಮೊಟ್ ಮೊಲ್ಲರ್. ಆಗ ಈ ಮಾತ್ರೆಗಳು ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೇ 1943ರಲ್ಲಿ. ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ, ಜೊತೆಗೆ ಪ್ರಾರ್ಥನೆ. ಪ್ರಾರ್ಥನೆ ಸಾಕು ಎಂದಿದ್ದರೆ ಮಿಷನ್‌ಗಳು ಅಷ್ಟು ಖರ್ಚು ಮಾಡಿ ಗುಡ್ಡದ ಪಕ್ಕ ಆಸ್ಪತ್ರೆ ಯಾಕೆ ಕಟ್ಟುತ್ತಿದ್ದವು? ಇವತ್ತೂ ನಿಮ್ಮ ರಾಯಚೂರಿನ ಎಷ್ಟು ಪಾಸ್ಟರುಗಳು ತಮ್ಮ ಹಾರ್ಟಿಗೆ, ಕಿಡ್ನಿಗೆ ರೈಲು ಹತ್ತಿ ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಗೆ ಹೋಗುವುದಿಲ್ಲ!

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರೆದುರಿಗೆ ಖಂಡಿಸಿದ, ಗಲಾತ್ಯ 2ರಲ್ಲಿದೆ. ಅಲ್ಲಿ ಪೇತ್ರ ಒಬ್ಬನೇ ಮುಜುಗರ ಪಟ್ಟ, ಅವನಿಗೆ ಅದನ್ನು ತಡೆದುಕೊಳ್ಳುವ ಶಕ್ತಿಯೂ ಇತ್ತು. ನಿಮ್ಮಲ್ಲಿ ಪೆಟ್ಟು ಬೀಳುವುದು ಆ ಹುಡುಗಿಗೆ. ಆದ್ದರಿಂದ ಅಂತಿಯೋಕ್ಯದ ದಾರಿ ಬೇಡ, ಮತ್ತಾಯ 18ರ ದಾರಿ ಹಿಡಿಯಿರಿ. ಹಿರಿಯರ ಕೂಟಕ್ಕಿಂತ ಮುಂಚೆ ಪಾಸ್ಟರ್ ಒಬ್ಬರನ್ನೇ ಕಂಡು ಮಾತಾಡಿ. ಆ ಹುಡುಗಿಯ ವಿಷಯ ಒಂದಕ್ಷರ ಬೇಡ. ನಿಮ್ಮ ವಿಷಯ ಮಾತ್ರ: ನಾನು ಕಣ್ಣಾರೆ ಕಾಣದ್ದನ್ನು ಹೇಳುವುದಿಲ್ಲ, ಕೆಲಸದಲ್ಲಿ ಗೊತ್ತಾದದ್ದನ್ನೂ ಹೇಳುವುದಿಲ್ಲ, ಯಾರ ಬಗ್ಗೆಯೂ. ಇದು ನಿಮ್ಮ ನಿಯಮ ಎಂದಾದರೆ ಯಾರ ಗುಟ್ಟೂ ಹೊರಬೀಳುವುದಿಲ್ಲ. ಅವರು ಒಪ್ಪದಿದ್ದರೆ ಸಂಡೇ ಸ್ಕೂಲ್ ತೆಗೆದುಕೊಳ್ಳಲಿ, ಇನ್ನೇನು ಬೇಕಾದರೂ ತೆಗೆದುಕೊಳ್ಳಲಿ.

ಸಭೆ ಬಿಡಬೇಕೇ? ಬೇಡ ಅನ್ನುತ್ತೇನೆ. ಜಗಳವಾದಾಗಲೆಲ್ಲ ಎದ್ದುಹೋಗಿ ಪಕ್ಕದ ಬೀದಿಯಲ್ಲಿ ಹೊಸ ಬೋರ್ಡು ಹಾಕುವ ಚಟ ಬಳ್ಳಾರಿಯಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ನಿಮಗೊಂದು ತೊಂದರೆಯಿದೆ, ಅದನ್ನೂ ಹೇಳಬೇಕು. ನಮ್ಮಲ್ಲಿ ಪ್ಯಾಸ್ಟರೇಟ್ ಕಮಿಟಿ, ಬಿಷಪ್ ಇದ್ದಾರೆ. ರಾಯಚೂರಿನ ಮೆಥಡಿಸ್ಟರಿಗೆ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್ ಇದ್ದಾರೆ. ಅಲ್ಲೂ ನ್ಯಾಯ ಸಲೀಸಲ್ಲ, ಆದರೆ ಬಾಗಿಲು ತಟ್ಟಲು ಇನ್ನೊಂದು ಮನೆಯಿದೆ. ಸ್ವತಂತ್ರ ಸಭೆಯಲ್ಲಿ ಪಾಸ್ಟರೇ ಕೊನೆ. ಯೋಹಾನನ ಮೂರನೆಯ ಪತ್ರಿಕೆಯಲ್ಲಿ ದಿಯೊತ್ರೇಫ ಎಂಬವನಿದ್ದಾನೆ. ಎಲ್ಲದರಲ್ಲೂ ತಾನೇ ಮೊದಲಿಗನಾಗಬೇಕು, ಎದುರು ನಿಂತವರನ್ನು ಸಭೆಯಿಂದಲೇ ಹೊರಗೆ ಹಾಕುತ್ತಿದ್ದ. ನಿಮ್ಮ ಪಾಸ್ಟರ್ ಆ ಜಾತಿಯವರಲ್ಲ ಎಂದು ನಿಮ್ಮ ಬರಹದಿಂದಲೇ ಗೊತ್ತಾಗುತ್ತದೆ. ಹಿರಿಯರ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ.

ಗಂಗಾವತಿ ಸಿಸ್ಟರ್

ಮೇಷ್ಟ್ರೇ, ನಿಮ್ಮ ವಚನಗಳೆಲ್ಲ ಛಲೋ ಅದಾವ. ಆದ್ರ ವಿಡಿಯೋ? ಅಕ್ಕಾರು ಒಬ್ಬರೇ ದೂರ ನಿಂತ್ರ ಅದು ನಿಲ್ತದೇನು? ಅವರಿಲ್ಲದನೂ ಹಾಕ್ತಾರ.

ಕೌಲ್‌ಬಜಾರ್ ಮೇಷ್ಟ್ರು

ಸರಿಯಾದ ಮಾತು ತಾಯೀ. ಅದನ್ನು ನಾನು ಹಗುರವಾಗಿ ದಾಟಿಬಿಟ್ಟೆ. ಹಾಗಿದ್ದರೆ ಪಾಸ್ಟರ ಹತ್ತಿರ ಇನ್ನೊಂದು ಮಾತು ಸೇರಿಸಬೇಕು: ವಿಡಿಯೋದಲ್ಲಿ, ಬ್ಯಾನರಿನಲ್ಲಿ "ಔಷಧಿ ಬಿಟ್ಟು" ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಅದಕ್ಕೂ ಒಪ್ಪದಿದ್ದರೆ ನಿಮ್ಮ ಅರ್ಜಿಯ ದಾರಿಗೆ ನಾನು ಅಡ್ಡ ಬರುವುದಿಲ್ಲ.

ಕೊಪ್ಪಳ ಟಿಬಿ ಘಟಕ

ನಾನು ಕೊಪ್ಪಳದಲ್ಲಿ ಇದೇ ಕೆಲಸ ಮಾಡುವವನು, ಕ್ರೈಸ್ತನಲ್ಲ. ಕೆಲಸದ ಮಾತಷ್ಟೇ ಹೇಳ್ತೀನಿ.

ಮೇಡಂ, ಇಲ್ಲಿ ಇನ್ನು ವಿವರ ಹಾಕಬೇಡಿ, ಇಷ್ಟೇ ಹೆಚ್ಚಾಯ್ತು. ಆ ಹೆಣ್ಣುಮಗಳು ನಿಮ್ಮ ಮನೆಗೆ ಬರುವುದನ್ನು ಯಾರಾದರೂ ನೋಡಿದರೆ ಇಬ್ಬರಿಗೂ ಕಷ್ಟ. ಆಕೆಯನ್ನೇ ಕೇಳಿ, ಬೇಕಾದರೆ ಬೇರೆ ಆಶಾ ಅಥವಾ ಅಂಗನವಾಡಿಯವರ ಹತ್ತಿರ ಮಾತ್ರೆ ತೆಗೆದುಕೊಳ್ಳುವ ಹಾಗೆ ಬದಲಿಸಬಹುದು. ಸಣ್ಣ ಮಕ್ಕಳಿದ್ದಾರೆ ಅಂದಿರಿ. ಮಕ್ಕಳ ತಪಾಸಣೆ, ತಡೆಯ ಮಾತ್ರೆ ಆಗಿದೆಯಾ? ಅದು ಬಿಟ್ಟುಹೋಗಬಾರದು. ಟಿಬಿ ರೋಗಿಗೆ ಸರ್ಕಾರ ಕೊಡುವ ಪೋಷಣೆಯ ಹಣ, ಮೊದಲು 500 ಇದ್ದದ್ದು 2024ರ ನವೆಂಬರ್‌ನಿಂದ ತಿಂಗಳಿಗೆ 1000 ಆಗಿದೆ, ಅದು ಯಾರ ಖಾತೆಗೆ ಹೋಗ್ತಿದೆ ನೋಡಿ. ಗಂಡನ ಖಾತೆಯಾದರೆ ಅವನ ಮೊಬೈಲಿಗೆ ಮೆಸೇಜ್ ಬರುತ್ತೆ.

ಗಂಡನ ಜೊತೆ ನೀವು ವಾದ ಮಾಡಬೇಡಿ. ನಮ್ಮಲ್ಲಿ ಇಂಥವರನ್ನು ಡಾಕ್ಟರೇ ಕೂರಿಸಿ ಆ ಕೆಂಪು ಬಣ್ಣದ ವಿಷಯ ಹೇಳ್ತಾರೆ. ಅರ್ಧ ಜನ ಅಲ್ಲೇ ಸರಿಹೋಗ್ತಾರೆ.

ಸಿಂಧನೂರು ಕಡೆಯಾಕಿ

ಎಲ್ಲರಿಗೂ ವಂದನೆ, ತಡ ಆತು.

ಮೇಷ್ಟ್ರು ಹೇಳಿದಂಗ ಪಾಸ್ಟರ್ ಮನಿಗೆ ಹೋದೆ. ಪಾಸ್ಟ್ರಮ್ಮ ಚಾ ಕೊಟ್ರು, ಅವರೂ ಅಲ್ಲೇ ಕುಂತ್ರು. ಮಾರ್ಕ 1 ತಗದು ಓದಿದೆ. ನಾನು ಯಾರ ರೋಗದ ಬಗ್ಗೆನೂ ವೇದಿಕಿ ಮ್ಯಾಲೆ ಮಾತಾಡಂಗಿಲ್ಲ, ಇವತ್ತೂ ಇಲ್ಲ, ಮುಂದೂ ಇಲ್ಲ ಅಂದೆ. ಔಷಧಿ ಬಿಡ್ರಿ ಅಂತ ನಮ್ಮ ಸಭೆಯಿಂದ ಮಾತು ಹೋಗಿ ಒಬ್ಬರು ಸತ್ರೆ, ಆ ಮಣ್ಣು ಮಾಡಾಕ ನೀವೇ ಹೋಗಬೇಕಲ್ಲ ಪಾಸ್ಟರ್ ಅಂದೆ. ಇದು ಮೊದಲ ಯೋಚನೆ ಮಾಡಿದ ಮಾತಲ್ಲ, ಬಾಯಿಗೆ ಬಂತು. ಅವರು ಬಾಳೊತ್ತು ಮಾತಾಡಲಿಲ್ಲ. ಆಮ್ಯಾಲೆ "ನೀ ನನ್ನ ವಿಶ್ವಾಸ ಪರೀಕ್ಷೆ ಮಾಡ್ತಿ" ಅಂದ್ರು, ಸಿಟ್ಟಿಲೇ. ಪಾಸ್ಟ್ರಮ್ಮ ಮಾತ್ರ ಹೊರಗ ಬಂದು ನನ್ನ ಕೈ ಹಿಡಿದು "ನಂದೂ ಶುಗರ್ ಮಾತ್ರೆ ಐತಿ ತಂಗಿ" ಅಂದ್ರು.

ವಿಡಿಯೋ ಮಾಡಲಿಲ್ಲ. ಬ್ಯಾನರಿನ್ಯಾಗ "ಸ್ವಸ್ಥತಾ ಕೂಟಗಳು" ಅಂತ ಅಷ್ಟೇ ಹಾಕ್ಯಾರ, ರೋಗದ ಹೆಸರಿಲ್ಲ, ಔಷಧಿ ಮಾತಿಲ್ಲ. ಹಿರಿಯರ ಕೂಟಕ್ಕ ಕರದ್ರು, ಅಲ್ಲೂ ಅದೇ ಎರಡು ಮಾತು ಹೇಳಿ ಬಂದೆ. ಸಂಡೇ ಸ್ಕೂಲ್ ವಾಪಸ್ ಕೊಟ್ಟಿಲ್ಲ, ಕೊಡೋ ಲಕ್ಷಣನೂ ಇಲ್ಲ. ಒಬ್ಬ ಹಿರಿಯರು ನಾನು ಕೈ ಮುಗಿದ್ರ ಮುಖ ತಿರುಗಿಸ್ತಾರ. ನಾನು ಹಿಂದಿನ ಸಾಲಿನ್ಯಾಗ ಕುಂದ್ರತೀನಿ, ಹಾಡ್ತೀನಿ, ಕಾಣಿಕಿ ಹಾಕ್ತೀನಿ. ಅತ್ತಿ ಇನ್ನೂ ಮಾತಾಡಲ್ಲ, ಆದ್ರ ನಾ ಮಾಡಿದ ರೊಟ್ಟಿ ತಿಂತಾರ.

ಕೃಪೆಯ ಪಾತ್ರೆ ಅಣ್ಣಾರ, ನಿಮ್ಮ ಮ್ಯಾಲೆ ಸಿಟ್ಟಿಲ್ಲ. ನನಗ ಪ್ರಾರ್ಥನೆ ಮಾಡ್ರಿ, ಆ ತಂಗಿಗೂ ಮಾಡ್ರಿ.

ಕೊಪ್ಪಳ ಸರ್, ಮಕ್ಕಳ ತಪಾಸಣೆ ಮಾಡಿಸಿದೆ, ಖಾತೆ ಅಕಿದೇ ಐತಿ. ಒಂದು ಕೇಳೋದೈತಿ. ನಾಟಿ ಮುಗಿದ ಮ್ಯಾಲೆ ಅವರ ಮನಿ ಮಂದಿ ಬೆಂಗಳೂರಿಗೆ ಗುಳೇ ಹೋಗ್ತಾರ, ಕಟ್ಟಡ ಕೆಲಸಕ್ಕ. ಅಲ್ಲಿ ಮಾತ್ರೆ ಹೆಂಗ?

ಕೊಪ್ಪಳ ಟಿಬಿ ಘಟಕ

ಹೋಗುವ ಮೊದಲೇ ನಿಮ್ಮ ಪಿಎಚ್‌ಸಿಯಲ್ಲಿ ಹೇಳಿ, ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ ನಿಕ್ಷಯ್‌ನಲ್ಲಿ ಆ ಕಡೆಯ ಘಟಕಕ್ಕೆ ಟ್ರಾನ್ಸ್‌ಫರ್ ಮಾಡಿಸಿ. ಐಡಿ ನಂಬರ್ ಆಕೆಗೆ ಒಂದು ಚೀಟಿಯಲ್ಲಿ ಬರೆದುಕೊಡಿ. ಅದಿದ್ದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತೆ. ದಾರಿಗೆ ಬೇಕಾಗುವಷ್ಟು ಕೈಯಲ್ಲೇ ಕೊಟ್ಟು ಕಳಿಸಿ. ಬೆಂಗಳೂರಿನಲ್ಲಿ ಯಾವ ಏರಿಯಾ ಅಂತ ಗೊತ್ತಾದಾಗ ಇಲ್ಲಿ ಬರೆಯಬೇಡಿ, ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ.